ಸ್ವೆಟರಿನ ಬಲಗಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈನಿಕರ ವಸತಿಗೃಹದ ಎದುರಿನ ಸಾಲಿನಲ್ಲಿ ತೆರೆದಿರುವುದು ಒಂದೇ ಅಂಗಡಿ. ಒಳಗೆ ಟೈಲರಕ್ಕ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಸಮವಸ್ತ್ರಗಳಿಗೆ ಪದಕದ ಪಟ್ಟಿ ಹೊಲಿಯುತ್ತಿದ್ದಾರೆ. ಇಂದು ಮಡಿದವರ ನೆನಪಿನ ಕವಾಯತು. ಪಟ್ಟಿ ಜೇಬಿನ ಅಂಚಿಗೆ ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುತ್ತಾರೆ.

ರಾಶಿಯಲ್ಲಿ ಬೂದು ಬಣ್ಣದ ಸ್ವೆಟರೊಂದಿದೆ. ಅದು ಅವರ ಅತ್ತೆಯದು. ಡಬ್ಬಿಯಲ್ಲಿಟ್ಟ ಮಗನ ಶೌರ್ಯಪದಕವನ್ನು ಕಣ್ಣೆತ್ತಿಯೂ ನೋಡದಿದ್ದ ಮುದುಕಿ ಈ ವರ್ಷ ತಾವೇ ಕೇಳಿದ್ದಾರೆ: “ಡಬ್ಬಿಯೊಳಗೆ ಅವನಿಗೆ ಉಸಿರು ಕಟ್ಟಲ್ವಾ?”

ಆದರೆ ಪದಕವನ್ನು ಎದೆಯ ಯಾವ ಕಡೆ ಧರಿಸಬೇಕೆಂಬುದೇ ಈಗ ಅಂಗಡಿಯ ಕುರ್ಚಿಯಲ್ಲಿ ಕೂತ ಅತ್ತೆಗೂ ಸೊಸೆಗೂ ಜಗಳ.

“ಎಡಗಡೆ ಹಾಕ್ತೀಯೋ, ಇಲ್ಲ ನಾನು ಮನೇಲೇ ಇರ್ಲೋ? ಗುಂಡಿಗೆ ಯಾರಿಗಾದ್ರೂ ಬಲಗಡೆ ಇರುತ್ತಾ?”

“ಎಡಗಡೆ ಪದಕ ಗೆದ್ದವರದ್ದು ಅತ್ತೆ. ಅವರಿಲ್ಲ ಅಂದ್ರೆ ಮನೆಯವರು ಬಲಗಡೆ ಹಾಕ್ಕೋಬೇಕು. ಪಡೆಯ ಪದ್ಧತಿ.”

“ಪದ್ಧತಿ ಅವನಿಗೆ ಹಾಲು ಕುಡಿಸಿತ್ತಾ?”

ಟೈಲರಕ್ಕನ ಗಂಡ ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹೊತ್ತು ತಂದವರು. ಕೊನೆಯವನನ್ನು ಕಂದಕಕ್ಕೆ ತಳ್ಳಿದರು. ತಾವು ಹೊರಗೇ ಉಳಿದರು. ಆ ಕೊನೆಯವನು ಇಂದು ಪಡೆಯ ಅಡುಗೆಯವನು. ತನ್ನ ಸಮವಸ್ತ್ರ ಒಯ್ಯಲು ಕುಂಟುತ್ತಾ ಬಂದು ನಿಂತಿದ್ದಾನೆ.

“‘ತಲೆ ಎತ್ತಬೇಡ್ವೋ ಕತ್ತೆ’ ಅಂದ್ರು ಅಣ್ಣ. ಅದೇ ಕೊನೇ ಮಾತು,” ಎನ್ನುತ್ತಾನೆ.

“ನನ್ನನ್ನೂ ಹಂಗೇ ಬೈತಿದ್ದ,” ಎನ್ನುತ್ತಾರೆ ಮುದುಕಿ. ದನಿಯಲ್ಲಿ ಬಿಗುಮಾನ.

ಗಂಡ ಸತ್ತ ಮೇಲೆ ಟೈಲರಕ್ಕ ಕಲಿತ ಕೆಲಸವಿದು. ಹಳೆಯ ಮಷಿನ್ನು, ಸೋರುವ ಚಾವಣಿ, ಸೊಂಟನೋವು. ಊರಿನ ಪದಕಗಳೆಲ್ಲ ಅವರ ಕೈ ಹಾದೇ ಹೋಗುತ್ತವೆ. ಮನೆಯ ಪದಕಕ್ಕೆ ಮಾತ್ರ ಇವತ್ತಿನವರೆಗೆ ಸೂಜಿ ಹಾಕಿರಲಿಲ್ಲ. “ಹಾಕೋಕೆ ಮೈಯೇ ಇರ್ಲಿಲ್ವಲ್ಲ,” ಎನ್ನುತ್ತಾರೆ.

ಹೊರಗೆ ಬ್ಯಾಂಡಿನವರು ವಾದ್ಯಗಳನ್ನು ಸರಿಮಾಡಿಕೊಳ್ಳುವ ಸದ್ದು. ಮುದುಕಿ ಕುರ್ಚಿ ಬಿಟ್ಟು ಏಳುವುದಿಲ್ಲ. ಟೈಲರಕ್ಕ ಸ್ವೆಟರಿನ ಬಲಗಡೆ ಪದಕ ಸಿಕ್ಕಿಸಲು ದಾರದ ಕುಣಿಕೆ ಹೊಲಿಯುತ್ತಾರೆ. ಹಲ್ಲಿನಿಂದ ದಾರ ಕಡಿದು, ಎಡಗಡೆಯೂ ಒಂದು ಹೊಲಿಯುತ್ತಾರೆ.

“ಮೈದಾನದಲ್ಲಿ ಬಲಗಡೆ. ಮನೆಗೆ ಬಂದ್ಮೇಲೆ ಎಡಗಡೆ ಹಾಕ್ಕೊಳ್ಳಿ, ಯಾವ ಕರ್ನಲ್ಲು ಬಂದು ನೋಡ್ತಾನೆ?”

ಮುದುಕಿ ಎರಡೂ ಕುಣಿಕೆಗಳನ್ನು ಬೆರಳಿನಿಂದ ಎಳೆದು ನೋಡುತ್ತಾರೆ. ಆಮೇಲೆ ತೋಳು ಚಾಚುತ್ತಾರೆ. ಅಡುಗೆಯವನು ಸ್ವೆಟರ್ ತೊಡಿಸಿ, ಪದಕವನ್ನು ಬಲಗಡೆ ಸಿಕ್ಕಿಸುತ್ತಾನೆ.

ಗಂಡನ ಪದಕ ನಿಮಗೇ ಧರಿಸಬೇಕೆನಿಸಲಿಲ್ಲವೇ ಎಂದು ಕೇಳಿದರೆ ಟೈಲರಕ್ಕ ಅತ್ತೆಯ ಪದಕದ ಕಡೆಗೇ ನೋಡುತ್ತಾರೆ.

“ಉಣ್ಣೆ ಬಟ್ಟೆ ಭಾರಕ್ಕೆ ಜೋತು ಬೀಳುತ್ತೆ. ಒಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಕೊಟ್ಟಿದ್ದೀನಿ, ಎರಡೂ ಕಡೆ. ನೋಡಿ, ಹೆಂಗೆ ನೆಟ್ಟಗೆ ನಿಂತಿದೆ.”