ಅತ್ತೆಯ ಗಡಿಗೆಗೊಂದು ಫುಲಿ

ಗಡಿಗೆ ಬಸ್ಸಿನಲ್ಲಿ ಒಡೆಯಬಹುದಿತ್ತು; ಮೊದಲೇ ಒಡೆದದ್ದಾದ್ದರಿಂದ ಇನ್ನಷ್ಟು ಒಡೆಯಬಹುದಿತ್ತು. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಪೊಲೀಸರು ಚೀಲ ಬಿಚ್ಚಿಸಿ, ಪುರಾತನ ವಸ್ತು ಸಾಗಿಸುವ ಕಳ್ಳನೆಂದು ನನ್ನನ್ನು ಕೂಡಿಸಿಕೊಳ್ಳಬಹುದಿತ್ತು. ತೊಳೆಯುವಾಗ ಮಣ್ಣಿನ ಜೊತೆ ಗಡಿಗೆಯೂ ಕರಗಿ ಮೋರಿ ಸೇರಬಹುದಿತ್ತು. ಅಂಟು ಹಚ್ಚುವ ಹೊತ್ತಿಗೆ ಸರಿಯಾಗಿ ನನಗೆ ಸೀನು ಬರಬಹುದಿತ್ತು. ನನ್ನ ಸೀನು ಅಂಥಿಂಥದ್ದಲ್ಲ, ಮಗ್ಗಗಳ ಸದ್ದಿನ ನಡುವೆಯೂ ಕೇಳಿಸುತ್ತದೆ. ಒಂದು ಚೂರು ನನ್ನ ಜೇಬಿನಲ್ಲೇ ಉಳಿದು ವಾಷಿಂಗ್ ಮಷೀನಿನಲ್ಲಿ ಪುಡಿಯಾಗಬಹುದಿತ್ತು. ಎಲ್ಲ ಮುಗಿದ ಮೇಲೆ, ಇದು ಪುರಾತನವೇ ಅಲ್ಲ, ಯಾವುದೋ ಅಜ್ಜಿಯ ಮೊಸರಿನ ಗಡಿಗೆ ಎಂದು ತಿಳಿಯಬಹುದಿತ್ತು.

ಇವನ್ನೆಲ್ಲ ನಾನು ಚಹದ ಹೊತ್ತಿಗೆ ಒಂದೊಂದಾಗಿ ಹೆಂಡತಿಗೆ ವರದಿ ಮಾಡುತ್ತಿದ್ದೆ. “ನೀವು ಚಿಂತಿ ಮಾಡೂದು ಬಿಟ್ಟರ ನನಗ ಚಿಂತಿ ಹತ್ತತದ. ಮಾಡ್ರಿ,” ಎಂದು ಅವಳು ಬಿಸ್ಕೀಟು ಅದ್ದುತ್ತಿದ್ದಳು.

ಅವಳಿಗೇನು? ಗಡಿಗೆ ಅವಳ ತಾಯಿಯದು, ತಂದವನು ನಾನು. ನಾಗಣಸೂರಿನ ಹೊಲದಲ್ಲಿ ಪೈಪ್‌ಲೈನಿಗೆ ನೆಲ ಅಗೆದಾಗ ಸಿಕ್ಕ ಚೂರುಗಳನ್ನು ಅತ್ತೆ ಹಳೇ ಸೀರೆಯಲ್ಲಿ ಕಟ್ಟಿಟ್ಟಿದ್ದರು. ಸೊಲ್ಲಾಪುರದಲ್ಲಿ ಇಂಥವನ್ನು ಜೋಡಿಸುವ ಲ್ಯಾಬ್ ಇದೆ, ಭಾನುವಾರ ನಾನೂ ಅಲ್ಲಿ ಸೇವೆಗೆ ಹೋಗುತ್ತೇನೆ ಎಂದು ದೊಡ್ಡಸ್ತಿಕೆಯಿಂದ ಹೇಳಿದವನೂ ನಾನೇ. ಓಣಿಯವರು “ಒಡಕ ಗಡಗಿ ಬೋಕಿ ಕೊಟ್ಟು ಏನ್ ತರತಿ ಯವ್ವಾ, ಬಂಗಾರಾ?” ಎಂದು ನಕ್ಕಾಗ ಅತ್ತೆ ಎಲ್ಲರೆದುರು ಹೇಳಿಬಿಟ್ಟಿದ್ದರು: “ನಮ್ಮ ಅಳ್ಯಾರು ಮಾಡತಾರ. ಗಾಜಿನ ಕಪಾಟಿನ್ಯಾಗ ಊರ ಹೆಸರ ಹಚ್ಚಿ ಇಡತಾರ, ನೋಡ್ರಿ ಬೇಕಾರ.” ಅಂದಿನಿಂದ ಅವರ ಮಾನ ಹನ್ನೊಂದು ಚೂರುಗಳಾಗಿ ನನ್ನ ಕೈಯಲ್ಲಿತ್ತು.

ಲ್ಯಾಬಿನ ಒಂದು ಗೋಡೆ ಪೂರ್ತಿ ಗಾಜಿನದು. ಜನ ಹೊರಗೆ ನಿಂತು ನಮ್ಮ ಕೆಲಸ ನೋಡಬಹುದು. ಮಕ್ಕಳು ಮೂಗು ಒತ್ತಿ ನೋಡುತ್ತಾರೆ. ಊರವರು ಅದಕ್ಕೆ ‘ಮಡಕಿ ದವಾಖಾನಿ’ ಎಂದು ಹೆಸರಿಟ್ಟಿದ್ದಾರೆ. ನಡೆಸುವವರು ಒಬ್ಬ ಮ್ಯಾಡಂ. ನನ್ನ ಮೇಜಿನ ಜೊತೆಗಾರರು ವಿಜಾಪುರ ರಸ್ತೆಯಲ್ಲಿ ಬಟ್ಟೆ ಅಂಗಡಿಯಿರುವ ಶೇಟಜಿ. ಮ್ಯಾಡಂ ಅವರ ನಿಯಮ ಎರಡೇ. ಏನು ಮಾಡಿದರೂ ಅದನ್ನು ಮತ್ತೆ ಬಿಚ್ಚುವಂತಿರಬೇಕು. ಏನು ಮಾಡಿದರೂ, ಯಾರು, ಯಾಕೆ ಎಂದು ರಜಿಸ್ಟರಿನಲ್ಲಿ ಬರೆಯಬೇಕು.

ನಾನು ಹೊಟ್ಟೆಪಾಡಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಟಾವೆಲ್ ಚೆಕಿಂಗ್ ಮಾಡುವವನು. ಎಳೆ ತಪ್ಪಿದ, ಅಂಚು ಸೊಟ್ಟಾದ ಟಾವೆಲ್ ಕಂಡರೆ ಮೂಲೆಗೆ ಫುಲಿ, ಅಂದರೆ ಒಂದನ್ನೊಂದು ಕತ್ತರಿಸುವ ಎರಡು ಓರೆಗೆರೆ, ಎಳೆಯುವುದು ನನ್ನ ಕೆಲಸ. ಫುಲಿ ಬಿದ್ದದ್ದು ಸೆಕೆಂಡ್ ಮಾಲು. ನಮಗೆ ಅಗ್ಗಕ್ಕೆ ಸಿಗುತ್ತದೆ. ಮದುವೆಯಾದಾಗಿನಿಂದ ಪ್ರತಿ ದೀಪಾವಳಿಗೆ ಅತ್ತೆಗೆ ಹೋಗುತ್ತಿರುವುದು ಅದೇ. ಮೊದಲ ವರ್ಷ ಅವರು “ಮೂಲ್ಯಾಗ ಇದೇನ್ರಿ ಅಳ್ಯಾರ?” ಎಂದಾಗ ಗಾಬರಿಯಲ್ಲಿ, “ಅದು ಖಾಸ್ ಮಾಲಿನ ಗುರುತರಿ ಅತ್ತಿ,” ಅಂದುಬಿಟ್ಟಿದ್ದೆ. ಆಮೇಲೆ ಅವರು ಫುಲಿ ಮೇಲೆ ಕಾಣುವಂತೆಯೇ ಟಾವೆಲ್ ಮಡಚಿ, ಬೀಗರು ಬಂದರೆ ಎದುರಿಗೆ ಇಡುತ್ತಾರೆ.

ಗಡಿಗೆಯ ಕೆಲಸ ತಿಂಗಳುಗಟ್ಟಲೆ ನಡೆಯಿತು. ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆದೆವು. ಯಾವ ಚೂರು ಯಾವುದಕ್ಕೆ ಕೂಡುತ್ತದೆಂದು ಚಾಕ್‌ಪೀಸಿನಿಂದ ಗುರುತು ಹಾಕಿದೆವು. ಬಿರುಕಿದ್ದ ಚೂರುಗಳು ಗಟ್ಟಿಯಾಗಲೆಂದು ತೆಳುವಾದ ದ್ರಾವಣ ಬಳಿದೆವು. ಅಂಟು ಹಚ್ಚಿದ್ದನ್ನು ಉಸುಕು ತುಂಬಿದ ತಾಟಿನಲ್ಲಿ ನಿಲ್ಲಿಸಿ ಉಸಿರು ಬಿಗಿಹಿಡಿದೆವು. “ಅಹೋ, ಉಸುರು ಬಿಡ್ರಿ. ಗಡಗಿ ಬೀಳಂಗಿಲ್ಲ, ನೀವು ಬೀಳತೀರಿ,” ಎಂದರು ಶೇಟಜಿ. ಸೀನು ಬರಲಿಲ್ಲ. ಪೊಲೀಸರೂ ಬರಲಿಲ್ಲ. ಗಡಿಗೆ ಬಹಳ ಹಳೆಯದೇ ಎಂದು ಮ್ಯಾಡಂ ಖಾತ್ರಿ ಮಾಡಿದರು.

ಕಪಾಟಿಗೆ ಇಡುವ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ನನ್ನ ಟಾವೆಲ್‌ನಲ್ಲಿ ಶೇಂಗಾ ಹೋಳಿಗೆ ಸುತ್ತಿಕೊಂಡು ಬಂದರು. ಮ್ಯಾಡಂ ಕೊನೆಯ ಸಲ ಭೂತಗನ್ನಡಿ ಹಿಡಿದವರು ಗಡಿಗೆಯ ಕೊರಳಿನ ಹತ್ತಿರ ನಿಂತುಬಿಟ್ಟರು.

“ಅರೇ, ಥಾಂಬಾ, ನಿಂದರ್ರಿ! ಇಲ್ಲಿ ಬಿಳಿ ಬಣ್ಣದ ಗುರುತು ಅದ ನೋಡ್ರಿ! ಕುಂಬಾರಂದ ಇರಬೇಕು.”

ಶೇಟಜಿ ಬಗ್ಗಿ ನೋಡಿ ಕೆಮ್ಮಿ, ಕಿಟಕಿಯತ್ತ ತಿರುಗಿದರು. ವ್ಯಾಪಾರಸ್ಥರು, ಇನ್ನೊಬ್ಬರ ಮಾಲಿನ ಬಗ್ಗೆ ಮಾತಾಡುವುದಿಲ್ಲ. ಅತ್ತೆ ಮಾತ್ರ ಕನ್ನಡಕ ಏರಿಸಿ ನೋಡಿ ಅರಳಿದರು.

“ಅಯ್ಯ ಮ್ಯಾಡಂ ಬಾಯಿ, ಇದು ನಮ್ಮ ಅಳ್ಯಾರ ಖಾಸ್ ಗುರುತರಿ! ಇಲ್ಲಿ ನೋಡ್ರಿ,” ಎಂದು ಹೋಳಿಗೆಯ ಗಂಟನ್ನೇ ಮುಂದೆ ಹಿಡಿದರು.

ಎರಡೂ ಫುಲಿ ಒಂದೇ ಕೈಯವು. ಕೈಯಲ್ಲಿ ಚಾಕ್‌ಪೀಸು, ಎದುರಿಗೆ ಅಂಚು ಮುಕ್ಕಾದ ಚೂರು: ನನ್ನ ಕೈ ತನ್ನ ಪಾಡಿಗೆ ತಾನು ಡ್ಯೂಟಿ ಮಾಡಿತ್ತು. ಮೇಲೆ ದ್ರಾವಣ ಬಳಿದು ಅದನ್ನು ಭದ್ರವೂ ಮಾಡಿದ್ದೆ. ಜಗತ್ತಿನ ಎಲ್ಲದಕ್ಕೂ ಚಿಂತಿಸಿದವನಿಗೆ ತನ್ನ ಬಲಗೈಯ ಚಿಂತೆಯೊಂದೇ ಹೊಳೆದಿರಲಿಲ್ಲ.

ಮ್ಯಾಡಂ ರಜಿಸ್ಟರ್ ತೆಗೆದರು. “ಯಾರು ಮಾಡ್ಯಾರ, ಗೊತ್ತಾತು. ಯಾಕ?”

ಖಾಸ್ ಎನ್ನಬಹುದಿತ್ತು. ಆದರೆ ರಜಿಸ್ಟರಿನಲ್ಲಿ ಅತ್ತೆಯ ಗಡಿಗೆಯ ಹೆಸರಿನ ಮುಂದೆ ಆ ಸುಳ್ಳು ಕಾಯಂ ಆಗಿ ಕೂರುತ್ತಿತ್ತು.

“ಸೆಕೆಂಡ್ ಮಾಲ್ ಅಂತ್ರಿ,” ಎಂದೆ. ಮ್ಯಾಡಂ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದುತ್ತ ಬರೆದರು.

“ಸೆಕೆಂಡ್ ಅಂದ್ರ?” ಅತ್ತೆ ಕೇಳಿದರು. ನಾನು ಶೇಟಜಿಯ ಮುಖ ನೋಡಿದೆ. ಕೇಳಿದ ಮೇಲೆ ಹೇಳದಿರುವುದು ಅವರ ಧರ್ಮವಲ್ಲ. “ಡ್ಯಾಮೇಜ್ ಮಾಲ್ ಅಕ್ಕಾ. ನಾವು ಅರ್ಧಾ ಕಿಮ್ಮತ್ತಿಗಿ ಮಾರತೀವಿ.”

ಅತ್ತೆ ನನ್ನ ಕಡೆ ನೋಡಲಿಲ್ಲ. “ನಮ್ಮ ಗಡಗಿ ಸೆಕೆಂಡ್ ಏನ್ರಿ ಬಾಯಿ?”

“ಛೇ! ನಿಮ್ಮ ಗಡಗಿ ಫಸ್ಟ್‌ಕ್ಲಾಸ್ ಅದ.” ಮ್ಯಾಡಂ ಹತ್ತಿಗೆ ಅಸಿಟೋನ್ ಹಚ್ಚಿ ಎರಡು ಸಲ ಒರೆಸಿದರು. ಫುಲಿ ಹೋಯಿತು. ಗಡಿಗೆ ಕಪಾಟು ಸೇರಿತು, ಮುಂದೆ ನಾಗಣಸೂರ ಎಂದು ಬರೆದ ಚೀಟಿ. ಅತ್ತೆ ಪಕ್ಕದಲ್ಲಿ ನಿಂತು, ಓಣಿಗೆ ತೋರಿಸಲೆಂದು, ಮೂರು ಫೋಟೋ ತೆಗೆಸಿಕೊಂಡರು.

ಬಸ್ ಹತ್ತಿಸಲು ಹೋದೆ. ಕಿಟಕಿಯ ಬಳಿ ಕುಳಿತು ಅತ್ತೆ ಖಾಲಿಯಾದ ಟಾವೆಲ್ ಝಾಡಿಸಿದರು. “ಭಾಳ ಚಂದ ಜೋಡಿಸೀರಿ, ಅಳ್ಯಾರ. ದೀಪಾವಳಿಗಿ ಟಾವೆಲ್ ತರಬ್ಯಾಡ್ರಿ, ರಗಡ ಅದಾವ,” ಎಂದರು. ಮತ್ತೆ ಅದನ್ನು ತೊಡೆಯ ಮೇಲೆ ಹರವಿ, ಫುಲಿ ಒಳಗೆ ಹೋಗುವಂತೆ ಮಡಚಿದರು.