ಉಭಯ ಕುಶಲೋಪರಿ

ಆರೋಗ್ಯಕ್ಕಿಂತ ದೊಡ್ಡ ಭಾಗ್ಯ ಇನ್ನೊಂದಿಲ್ಲವೆಂದು ನಮ್ಮ ಹಿರಿಯರೆಲ್ಲ ಒಂದೇ ದನಿಯಲ್ಲಿ ಹೇಳಿ ಹೋಗಿದ್ದಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಈಗ ಬದುಕಿಲ್ಲ ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ.

ನ್ಯೂಜಿಲೆಂಡಿನ ಲೋವರ್ ಹಟ್‌ನ ಒಂದು ರೆಸ್ಟ್ ಹೋಮಿನಲ್ಲಿ ನಾನು ನರ್ಸು. ವಯಸ್ಸಾದವರು ಉಳಿದ ದಿನ ಕಳೆಯುವ ಮನೆ ಅದು. ಹೆಸರಿನಲ್ಲಿರುವ ರೆಸ್ಟು ಅವರ ಪಾಲಿನದು, ನಮ್ಮದಲ್ಲ. ಬೆಳಗಿನ ಪಾಳಿಗೆ ನಾನು ಒಳಗೆ ಕಾಲಿಟ್ಟ ಕೂಡಲೇ ನನ್ನ ಗೆಳತಿ ಔಷಧಿಯ ಗಾಡಿಯ ಹಿಂದಿನಿಂದ ಕೇಳುತ್ತಿದ್ದಳು: "ಮರರಾ ಸೇಯಿ?" ಅವಳು ಜಿಂಬಾಬ್ವೆಯವಳು, ಭಾಷೆ ಶೋನಾ. ಚೆನ್ನಾಗಿ ನಿದ್ದೆಯಾಯಿತೇ ಎಂದು ಅದರ ಅರ್ಥ. ಅದಕ್ಕೆ ಕೊಡಬೇಕಾದ ಉತ್ತರ ಒಂದೇ: "ನ್ದರರಾ ಕಾನ ಮರರಾವೊ." ನಿಮಗೆ ನಿದ್ದೆಯಾಗಿದ್ದರೆ ನನಗೂ ಆಯಿತು. ಹಲ್ಲುನೋವಿನಿಂದ ರಾತ್ರಿಯಿಡೀ ಹೊರಳಾಡಿದವರಿಗೂ ಬೇರೆ ಉತ್ತರದ ಸೌಲಭ್ಯವಿಲ್ಲ.

ನನಗೆ ಇದು ಹೊಸದೆನಿಸಲಿಲ್ಲ. ನಾನು ಧಾರವಾಡದವಳು. ನರ್ಸಿಂಗ್ ಹಾಸ್ಟೆಲ್ಲಿಗೆ ಅಪ್ಪ ಬರೆಯುತ್ತಿದ್ದ ಕಾಗದಗಳೆಲ್ಲ "ಉಭಯ ಕುಶಲೋಪರಿ ಸಾಂಪ್ರತ" ಎಂದೇ ತೊಡಗುತ್ತಿದ್ದವು. ಎರಡೂ ಕಡೆ ಕ್ಷೇಮ, ಇನ್ನು ಮುಂದಿನ ವಿಷಯ, ಎಂದು. "ಉಭಯ ಕುಶಲೋಪರಿ ಸಾಂಪ್ರತ, ನಿಮ್ಮಜ್ಜಿ ಗುರುವಾರ ತೀರಿಕೊಂಡಳು." ಅಪ್ಪನಿಗೆ ಇದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ. ಇದನ್ನು ಗೆಳತಿಗೆ ಹೇಳಿದಾಗ ಅವಳು ಗಾಡಿಯನ್ನು ಹಿಡಿದುಕೊಂಡು ನಕ್ಕಳು.

"ನಿಮ್ಮಪ್ಪ ನಮ್ಮ ಮಂದೀನ ಬಿಡು, ಸಿಸ್ಟರ್. ತಪ್ಪಿ ಅಲ್ಲಿ ಹುಟ್ಯಾನ."

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಅವಳ ಇಂಗ್ಲಿಷು ನನ್ನ ಕಿವಿಗೆ ಮೊದಲಿನಿಂದಲೂ ಧಾರವಾಡದ ಕನ್ನಡವಾಗಿಯೇ ಬಿದ್ದಿರುವುದರಿಂದ ಹಾಗೆಯೇ ಬರೆಯುತ್ತೇನೆ. ಸಿಸ್ಟರ್ ಎಂಬುದೊಂದನ್ನು ಮುಟ್ಟುವುದಿಲ್ಲ. ಅವಳ ದೇಶದಲ್ಲಿಯೂ ನಮ್ಮಲ್ಲಿಯೂ ನರ್ಸಿಗೆ ಸಿಸ್ಟರ್ ಅನ್ನುತ್ತಾರೆ. ಅವಳು ಕರೆದದ್ದು ನರ್ಸನ್ನೋ ಅಕ್ಕನನ್ನೋ, ನಾನು ವಿಚಾರಿಸಲಿಲ್ಲ.

ಮಸ್ವಿಂಗೊ ಎಂಬ ಅವಳ ಊರಿನ ಆಸ್ಪತ್ರೆಯಲ್ಲಿ ಮೂವತ್ತು ತುಂಬುವ ಮೊದಲೇ ಒಂದು ಇಡೀ ವಾರ್ಡು ಅವಳ ಕೈಯಲ್ಲಿತ್ತು. ಇಲ್ಲಿಗೆ ಬಂದಾಗ, ಅಲ್ಲಿಯ ರೋಗಿಗಳೂ ರೋಗಿಗಳೇ ಎಂಬುದಕ್ಕೆ ಪುರಾವೆ ಸಾಲದೆಂದು, ಮತ್ತೆ ಮೊದಲಿನಿಂದ ಶುರುವಾಯಿತು: ಹಾಸಿಗೆ ಬದಲಿಸುವುದು, ಗಂಜಿ ಕುಡಿಸುವುದು, ಪರೀಕ್ಷೆ ಬರೆಯುವುದು. ವರ್ಷಗಳು ಕಳೆದು, ಒಂದೊಂದೇ ಮೆಟ್ಟಿಲು ಹತ್ತಿ, ನರ್ಸುಗಳೆಲ್ಲರ ಮೇಲಿನ ಕ್ಲಿನಿಕಲ್ ಮ್ಯಾನೇಜರ್ ಹುದ್ದೆಗೆ ಬಂದಳು. ಬಂದಳು ಎಂದರೆ, ಅದರ ಬಾಗಿಲಿಗೆ ಬಂದಳು. ಅವಳದು ಆಕ್ಟಿಂಗ್ ಹುದ್ದೆ. ನಮ್ಮ ಕಚೇರಿ ಕನ್ನಡದಲ್ಲಿ ಹಂಗಾಮಿ. ಕೆಲಸ ಪೂರ್ತಿ, ಹೆಸರು ಅರ್ಧ. ಎರಡು ವರ್ಷದಿಂದ ಹಂಗಾಮು ಮುಗಿದಿರಲಿಲ್ಲ.

"ಅವ್ವಗ ಫೋನ್ ಮಾಡಿ, ಆಕ್ಟಿಂಗ್ ಮ್ಯಾನೇಜರ್ ಆಗೀನಿ ಅಂದೆ," ಎಂದು ಒಮ್ಮೆ ಹೇಳಿದಳು. "ನರ್ಸ್ ಕೆಲಸಕ್ಕ ಕಳಿಸಿದ್ರ ನೀ ಯಾವಾಗ ಸಿನಿಮಾ ಸೇರಿದಿ ಅಂತ ಬೈದ್ಲು. ಸಾಕಪ್ಪಾ ಅಂತ ಆಕ್ಟಿಂಗ್ ಅನ್ನೂದು ಬಿಟ್ಟೆ. ಮುಗೀತು. ಚರ್ಚಿನ ಹೆಂಗಸರಿಗೆಲ್ಲಾ ಡಂಗುರ. ನನ್ನ ಮಗಳು ನ್ಯೂಜಿಲೆಂಡಿನ ಮೇಟ್ರನ್! ಇಡೀ ದೇಶಕ್ಕ ಒಬ್ಬಾಕೀನ ಮೇಟ್ರನ್."

"ಖರೇ ಏನದ ಹೇಳಿಬಿಡು."

"ಹೇಳೂದಿಲ್ಲ. ಖರೇ ಮಾಡ್ತೀನಿ. ಮಾಡಿ ಊರಿಗೆ ಹೋಗ್ತೀನಿ. ಅಲ್ಲೀತನಕ ಹೋಗೂದಿಲ್ಲ."

ಕೊನೆಯ ಸಲ ಅವಳು ಊರಿಗೆ ಹೋಗಿದ್ದು ಒಂಬತ್ತು ವರ್ಷದ ಹಿಂದೆ, ತಂದೆಯ ಮಣ್ಣಿಗೆ.

ಶನಿವಾರ ಮಧ್ಯಾಹ್ನ ಅವಳ ಅಡಿಗೆಮನೆಯಲ್ಲಿ ಮಹಾಸಭೆ ಸೇರುತ್ತಿತ್ತು. ಸದಸ್ಯರು ಮೂವರು: ಅವಳು, ಬಸ್ಸು ಓಡಿಸುವ ಕೀನ್ಯಾದ ಹೆಂಗಸು, ಲೆಕ್ಕಪತ್ರದ ಕೆಲಸದ ಘಾನಾದ ಹೆಂಗಸು. ನಾನು ವೀಕ್ಷಕ ರಾಷ್ಟ್ರ. ಬಿಳಿ ಗೋವಿನಜೋಳದ ಹಿಟ್ಟನ್ನು ಕುದಿವ ನೀರಿನಲ್ಲಿ ತಿರುವಿ ಮಾಡುವ ಸಾಡ್ಜಾ ಎಂಬುದು ಪಾತ್ರೆಯಿಂದ ಬರುತ್ತಿತ್ತು. ರಾಗಿಮುದ್ದೆಗೆ ಸುಣ್ಣ ಬಳಿದಂತೆ ಇರುತ್ತದೆ. ಪಕ್ಕದಲ್ಲಿ ಶೇಂಗಾಪುಡಿ ಹಾಕಿದ ಸೊಪ್ಪು. ಆ ಸೊಪ್ಪಿನ ಮುಂದೆ ಕೂತಾಗ ಎಲ್ಲರೂ ಧಾರವಾಡದವರಾಗಿಬಿಡುತ್ತಿದ್ದರು.

ಒಂದು ದಿನ ಪ್ರವಾಸದ ವಿಷಯ ಚರ್ಚೆಗೆ ಬಂತು.

"ನನ್ನ ಡಿಪೋದಾಗಿನ ಮಂದಿ ರಜಾ ಬಂದ್ರ ಬಾಚ್‌ಗೆ ಹೋಗ್ತಾರ," ಎಂದಳು ಕೀನ್ಯಾದವಳು. ಬಾಚ್ ಎಂದರೆ ಸಮುದ್ರದ ದಂಡೆಯಲ್ಲಿ ಇಲ್ಲಿಯವರು ಇಟ್ಟುಕೊಳ್ಳುವ ಸಣ್ಣ ಮನೆ.

"ಹೋಗಿ ಏನ್ ಮಾಡ್ತಾರ?" ನನ್ನ ಗೆಳತಿ ಕೇಳಿದಳು.

"ಏನೂ ಮಾಡೂದಿಲ್ಲ. ಕುರ್ಚಿ ಹಾಕ್ಕೊಂಡು ಕೂಡ್ತಾರ."

"ಕುರ್ಚಿ ಮನ್ಯಾಗ ಇರಲಿಲ್ಲೇನು?"

ಘಾನಾದವಳು ಬೆರಳು ಮಡಚಿದಳು. "ನಾ ವಿಮಾನ ಹತ್ತಿದ್ದು ನಾಕು ಸಲ. ಒಂದು ವೀಸಾ, ಮೂರು ಮಣ್ಣು. ನಮ್ಮ ಪ್ರವಾಸ ಅಂದ್ರ ಇಷ್ಟ."

"ನಾ ಒಂದು ಸಲ ಹೋಗಬೇಕು," ಎಂದಳು ನನ್ನ ಗೆಳತಿ. "ಯಾರೂ ಸತ್ತಿರಬಾರದು. ಅವ್ವ ಬಾಗಲದಾಗ ನಿಂತಿರಬೇಕು. ಮೇಟ್ರನ್ ಬಂದ್ಲು ಅಂತ ಮಂದಿಗೆ ತೋರಿಸಬೇಕು. ಆಕೀ ಸುಳ್ಳಾಡಿರಬಾರದು."

ಸಾಡ್ಜಾ ಇನ್ನೊಂದು ಸುತ್ತು ಬಂತು.

ಆ ವರ್ಷ ಏಪ್ರಿಲ್‌ನಲ್ಲಿ, ಇಲ್ಲಿಯ ಶರತ್ಕಾಲದಲ್ಲಿ, ನಮ್ಮ ರೆಸ್ಟ್ ಹೋಮಿನವರು ನೌಕರರ ಯೋಗಕ್ಷೇಮಕ್ಕಾಗಿ ಒಂದು ಸಪ್ತಾಹ ಏರ್ಪಡಿಸಿದರು. ನಮ್ಮೂರಲ್ಲಿ ಸಪ್ತಾಹವೆಂದರೆ ಏಳು ದಿನ ಭಜನೆ, ಕೊನೆಗೆ ಊಟ. ಇಲ್ಲಿ ಒಂದು ಬುಟ್ಟಿ ಫೀಜೋವಾ. ಪೇರಲದ ದೂರದ ಸಂಬಂಧಿಯಂತಿರುವ ಆ ಹಣ್ಣು ಆ ತಿಂಗಳು ಎಲ್ಲರ ಹಿತ್ತಲಲ್ಲಿಯೂ ಉದುರಿ ಬಿದ್ದಿರುತ್ತದೆ. ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ರೆಸ್ಟ್ ಹೋಮಿನ ಮುಖ್ಯಸ್ಥೆ, ಒಳ್ಳೆಯ ಹೆಂಗಸು, ನನ್ನನ್ನು ಕರೆದರು.

"ನೀವು ಎಲ್ಲರಿಗೂ ಯೋಗ ಹೇಳಿಕೊಡ್ತೀರಾ? ನಿಮ್ಮ ರಕ್ತದಲ್ಲೇ ಇದೆಯಲ್ಲ."

ನನ್ನ ರಕ್ತದಲ್ಲಿರುವುದು ಸಕ್ಕರೆ. ಆದರೂ ಒಪ್ಪಿದೆ. ಗೆಳತಿಗೆ ಆಫ್ರಿಕಾದ ಡ್ರಮ್ ಬಾರಿಸುವ ಹೊಣೆ ಬಂತು. ಅವಳ ತಂದೆ ಶಾಲೆಯ ಮಾಸ್ತರು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಡ್ರಮ್ಮೆಂದರೆ ಅವಳಿಗೆ ಗೊತ್ತಿದ್ದದ್ದು ನೀರು ತುಂಬಿಡುವುದೊಂದೇ.

"ನಾ ಬಾರಸೂದಿಲ್ಲ. ನಿನ್ನ ಯೋಗಕ್ಕ ಬಂದು ಮಲಕೋತೀನಿ," ಎಂದಳು.

ಮಲಗುವುದನ್ನೇ ನಾನೂ ಆರಿಸಿದ್ದೆ. ನಮ್ಮ ಮನೆಯಲ್ಲಿ ನಿತ್ಯ ಆಚರಣೆಯಲ್ಲಿದ್ದ ಆಸನ ಅದೊಂದೇ. ಊಟವಾದ ಮೇಲೆ ಅಪ್ಪ ಹಾಕುತ್ತಿದ್ದದ್ದು. ಎಲ್ಲರೂ ನೀಲಿ ಚಾಪೆಗಳ ಮೇಲೆ ಅಂಗಾತ ಮಲಗಿದರು. ಅವಳು ನನ್ನ ಕಾಲಬುಡದಲ್ಲಿಯೇ ಇದ್ದಳು.

"ಇದರ ಹೆಸರೇನು?"

"ಶವಾಸನ. ಹೆಣದ ಹಂಗ ಮಲಗೂದು."

ಅವಳು ಒಂದು ಕಣ್ಣು ತೆರೆದಳು. "ಹೆಣ ಆಗಲಿಕ್ಕೂ ನಿಮ್ಮಲ್ಲಿ ತಾಲೀಮು ಬೇಕೇನು?"

ತರಗತಿ ಮುಗಿದು ಎಲ್ಲರೂ ಎದ್ದರೂ ಅವಳು ಏಳಲಿಲ್ಲ. ನೀವು ನಡೆಯಿರಿ, ನನಗೆ ಇದು ಹಿಡಿಸಿದೆ ಎಂದು ಕೈಬೀಸಿದಳು. ಕೋಣೆ ಖಾಲಿಯಾದ ಮೇಲೆ ಗೋಡೆ ಹಿಡಿದು ಎದ್ದಳು. ಚಾಪೆಯ ಮೇಲೆ ಅಂಗೈಯಗಲದ ಕಪ್ಪು ಕಲೆ. ಅದನ್ನು ಒಳಮಗ್ಗುಲಾಗಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಬಟ್ಟೆ ಒಗೆಯುವ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋಗಿ ಬಾಗಿಲು ಹಾಕಿದೆ.

"ಎಂದಿನಿಂದ?"

"ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಬ್ಯಾಸಗ್ಯಾಗ ಮತ್ತ ಶುರು ಆತು."

ಮುಟ್ಟು ನಿಂತವರಿಗೆ ಮತ್ತೆ ರಕ್ತ ಹೋದರೆ ಅದೇನಿರಬಹುದೆಂದು ನರ್ಸಿಂಗ್ ಶಾಲೆಯಲ್ಲಿ ಇಬ್ಬರಿಗೂ ಕಲಿಸಿದ್ದರು. ಒಬ್ಬರಿಗೊಬ್ಬರು ಪಾಠ ಒಪ್ಪಿಸಲಿಲ್ಲ.

"ನಾಳೆ ಡಾಕ್ಟರ ಕಡೆ ಹೋಗೂಣ."

"ಇಂಟರ್‌ವ್ಯೂ ಆಗ್ಲಿ. ಹುದ್ದೆ ಪಕ್ಕಾ ಮಾಡ್ಲಿಕ್ಕೆ ಈಗ ಕರದಾರ. ಈಗ ರಜಾ ಕೇಳಿದ್ರ, ಈಕಿ ಗಟ್ಟಿ ಇಲ್ಲ ಅಂತಾರ."

"ಸತ್ತರ ಏನಂತಾರ?"

"ಭಾಳ ಗಟ್ಟಿ ಇದ್ಲು ಅಂತಾರ."

ಅದಕ್ಕೆ ಅವಳೇ ನಕ್ಕಳು. ಅಂದಿನಿಂದ ನಾನು ದಿನವೂ ಪೀಡಿಸಿದೆ, ಬೈದೆ, ಒಮ್ಮೆ ಎರಡು ದಿನ ಮಾತು ಬಿಟ್ಟೆ. ಬೆಳಿಗ್ಗೆ ಅವಳು "ಮರರಾ ಸೇಯಿ?" ಅನ್ನುವಳು. ಮಾತು ಬಿಟ್ಟವಳೂ ಅದಕ್ಕೆ ಉತ್ತರ ಕೊಡಲೇಬೇಕು. ನಿನಗೆ ನಿದ್ದೆಯಾಗಿದ್ದರೆ ನನಗೂ ಆಯಿತು ಅನ್ನುವೆ. ಅವಳಿಗೆ ಆಗಿರಲಿಲ್ಲ. ನನಗೂ.

ಇಂಟರ್‌ವ್ಯೂ ಇದ್ದದ್ದು ವೆಲಿಂಗ್ಟನ್ನಿನ ಮುಖ್ಯ ಕಚೇರಿಯಲ್ಲಿ. ಜೊತೆಗೆ ನಾನೂ ರೈಲು ಹತ್ತಿದೆ. ಡಬ್ಬಿಯಲ್ಲಿ ಹತ್ತು ಮಂದಿಯೂ ಇರಲಿಲ್ಲ. ಅವಳು ಕರಿಯ ಸ್ಕರ್ಟು ತೊಟ್ಟು ಬಾಗಿಲ ಬಳಿ ನಿಂತೇ ಇದ್ದಳು.

"ಕೂಡು ಬಾ."

"ಸ್ಕರ್ಟ್ ಸುಕ್ಕ ಆಗ್ತದ."

ಸೀಟಿನ ಬಟ್ಟೆ ತಿಳಿಬಣ್ಣದ್ದು. ನಾನು ಮತ್ತೆ ಕರೆಯಲಿಲ್ಲ. ಎದ್ದು ಹೋಗಿ ನಾನೂ ನಿಂತೆ. ಕಿಟಕಿಯಾಚೆ ಕೊಲ್ಲಿಯ ನೀರು ವೆಲಿಂಗ್ಟನ್ನಿನವರೆಗೂ ನಮ್ಮ ಜೊತೆಗೇ ಬಂತು. ಕಂಬ ಹಿಡಿದು ನಿಂತ ಇಬ್ಬರು ನಡುವಯಸ್ಸಿನ ಹೆಂಗಸರನ್ನು ನೋಡಿ ಟಿಕೆಟ್ಟಿನವನು, ಜಾಗ ಬೇಕಾದಷ್ಟಿದೆ ಎಂದು ತೋರಿಸಿದ. ನಾವು ಬಹಳ ಗಾಂಭೀರ್ಯದಿಂದ ಧನ್ಯವಾದ ಹೇಳಿದೆವು.

ಒಳಗೆ ಮೂವರು ಕೂತಿದ್ದರಂತೆ. ಎಲ್ಲ ಕೇಳಿ ಮುಗಿಸಿ, ನಿಮ್ಮ ಸ್ವಂತ ಯೋಗಕ್ಷೇಮವನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದರಂತೆ. ಇವಳು ಬೆಳಗಿನ ಆ ಮಾತನ್ನು ಹೇಳಿ ಅರ್ಥ ಬಿಡಿಸಿದಳು. ಮೂವರೂ ಕರಗಿಹೋದರು. ಮುಂದಿನ ವಾರ ತೀರ್ಮಾನ ಬಂತು: ಸಮಿತಿಗೆ ಬಹಳ ಮೆಚ್ಚಿಗೆಯಾಗಿದೆ, ಸದ್ಯ ಹಂಗಾಮಿಯಾಗಿ ಇನ್ನಾರು ತಿಂಗಳು ಮುಂದುವರಿಯಲಿ, ಆಮೇಲೆ ನೋಡೋಣ. ಅವಳ ಮಾತನ್ನು ಮಾತ್ರ ತಕ್ಷಣ ಕಾಯಂ ಮಾಡಿದರು. ಬಣ್ಣದ ಅಕ್ಷರದಲ್ಲಿ ಅಚ್ಚು ಹಾಕಿಸಿ, ನಮ್ಮ ಚಹಾ ಕೋಣೆಯ ಗೋಡೆಗೆ ಅಂಟಿಸಿ, ಕೆಳಗೆ 'ಆಫ್ರಿಕಾದ ಗಾದೆ' ಎಂದು ಬರೆಸಿದರು.

ಅವಳು ಕೆಟಲ್ಲಿನ ಮುಂದೆ ನಿಂತು ಓದಿದಳು. "ನಮ್ಮೂರಾಗ ಇದನ್ನ ಹಾಲಿನಾವಗೂ ಅಂತೀವಿ," ಎಂದಳು. ಆಮೇಲೆ, "ನಡಿ ಸಿಸ್ಟರ್, ಎಲ್ಲಿ ಒಯ್ತೀ ಒಯ್ಯಿ."

ಅದೇ ಮಧ್ಯಾಹ್ನ ನನ್ನ ಕಾರಿನಲ್ಲಿ ಡಾಕ್ಟರ ಬಳಿಗೆ ಕರೆದೊಯ್ದೆ. ಅಲ್ಲಿಂದ ಮುಂದೆ ಯಾರೂ ತಡಮಾಡಲಿಲ್ಲ. ತಡವಾಗಬೇಕಾದದ್ದೆಲ್ಲ ಮೊದಲೇ ಆಗಿಹೋಗಿತ್ತು. ಗರ್ಭಕೋಶದ ಕ್ಯಾನ್ಸರ್ ಹೊಟ್ಟೆಯಲ್ಲೆಲ್ಲ ಹರಡಿತ್ತು. ಇದನ್ನು ಹೇಳಿದ ಡಾಕ್ಟರು ಬೆಳಗಾವಿಯಲ್ಲಿ ಓದಿದ ಹುಡುಗಿ. ಗೆಳತಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, "ಆಂಟಿ, ಮನ್ಯಾಗ ಯಾರಾದ್ರೂ ಜೋಡಿಗೆ ಇರ್ರಿ," ಎಂದಳು. ಹುಡುಗಿ ಏನಂದಳೆಂದು ಗೆಳತಿ ಕೇಳಿದಳು. ಹೇಳಿದೆ.

ಊರಿಗೆ ಹೋಗಿಬಿಡು, ನಾನು ಜೊತೆಗೆ ಬರುತ್ತೇನೆ, ಎಂದೆ. ಅಷ್ಟು ದೂರದ ವಿಮಾನಪ್ರಯಾಣ ಈ ಸ್ಥಿತಿಯಲ್ಲಿ ಆಗದೆಂದು ಡಾಕ್ಟರು ತಲೆಯಾಡಿಸಿದರು.

"ಯಾರೂ ಸಾಯಲಾರದ ಪ್ರವಾಸ ನನ್ನ ಹಣ್ಯಾಗ ಬರದಿಲ್ಲ ಬಿಡು," ಎಂದಳು ಅವಳು.

"ಅವ್ವಗ ಹೇಳೀಯೇನು?"

"ದಿನಾ ಹೇಳ್ತೀನಿ. ನೀ ಚೊಲೋ ಇದ್ರ ನಾನೂ ಚೊಲೋ ಇದ್ದೀನಿ ಅಂತ."

ಮಲಗಿದಲ್ಲಿಂದಲೇ ಕೆಲವು ವಾರ ನಮ್ಮೆಲ್ಲರ ಪಾಳಿ ಹಂಚಿದಳು. ಫೋನು ಮಾಡಿ, ನಿನಗೆ ಮತ್ತೆ ಭಾನುವಾರ ಹಾಕಿದ್ದೇನೆ, ಬೈದುಕೋ ಎನ್ನುತ್ತಿದ್ದಳು. ಬೈದುಕೊಳ್ಳುತ್ತಿದ್ದೆ. ಚಳಿ ಬಲಿತ ಮೇಲೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು, ಫೋನು ನಿಂತಿತು.

ಅವಳ ಮಗಳು ಇಲ್ಲಿಯೇ ಹುಟ್ಟಿದವಳು, ವೆಲಿಂಗ್ಟನ್ನಿನಲ್ಲಿ ಓದುತ್ತಿದ್ದಳು. ತಾಯಿ ಶೋನಾದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಹುಡುಗಿ. ನನ್ನ ಮಗನೂ ಕನ್ನಡಕ್ಕೆ ಹಾಗೆಯೇ, ಅದರಲ್ಲಿ ನಮ್ಮಿಬ್ಬರಿಗೂ ಸಮಾನ ದುಃಖವಿತ್ತು. ಒಂದು ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಆಸ್ಪತ್ರೆಗೆ ಹೋದೆ. ಮಗಳು ವಾರ್ಡಿನ ಹೊರಗೆ ನಿಂತಿದ್ದಳು. ಬೆಳಗಿನ ಹೊತ್ತಲ್ಲವೇ, ಅಭ್ಯಾಸಬಲದಿಂದ ನನ್ನ ಬಾಯಿಂದ ಬಂತು: "ಮರರಾ ಸೇಯಿ?"

"ಇಲ್ಲ ಆಂಟಿ," ಎಂದಳು ಇಂಗ್ಲಿಷಿನಲ್ಲಿ. "ನನಗೆ ನಿದ್ದೆ ಬರಲಿಲ್ಲ. ಅಮ್ಮ ಈಗಷ್ಟೇ ಹೋದಳು."

ಆ ಪ್ರಶ್ನೆಗೆ ಹಾಗೂ ಉತ್ತರಿಸಬಹುದೆಂದು ನಾನು ಕೇಳಿದ್ದು ಅದೇ ಮೊದಲು.

ಚರ್ಚಿನಲ್ಲಿ ದಕ್ಷಿಣದ ಚಳಿಗಾಳಿ ಬಾಗಿಲನ್ನು ಬಡಿಯುತ್ತಿತ್ತು. ಕೀನ್ಯಾದವಳು ತನ್ನ ಬಸ್ಸಿನ ಸಮವಸ್ತ್ರದಲ್ಲಿಯೇ ಬಂದಿದ್ದಳು. ಘಾನಾದವಳು ನನ್ನ ಪಕ್ಕದಲ್ಲಿ ಕೂತು, ಈ ಮಣ್ಣಿಗೆ ವಿಮಾನ ಬೇಕಾಗಲಿಲ್ಲ ನೋಡು, ಎಂದಳು. ನಮ್ಮ ಮುಖ್ಯಸ್ಥೆ ಎದ್ದು ನಿಂತು, ನಿಜವಾಗಿಯೂ ಅಳುತ್ತ, ಮಾತಾಡಿದರು. ಎಷ್ಟು ಗಟ್ಟಿ ಹೆಂಗಸು ಎಂದರು. ಆಮೇಲೆ "ನಮ್ಮ ಕ್ಲಿನಿಕಲ್ ಮ್ಯಾನೇಜರ್" ಎಂದರು. ಅದರ ಮೊದಲಿಗೆ ಆಕ್ಟಿಂಗ್ ಎಂಬ ಮಾತಿರಲಿಲ್ಲ.

ಮಗಳ ಕೈಯಲ್ಲಿ ಫೋನಿತ್ತು. ಅದರಲ್ಲಿ ಮಸ್ವಿಂಗೊದಿಂದ ಅಜ್ಜಿ ಕೇಳಿಸಿಕೊಳ್ಳುತ್ತಿದ್ದರು. ಮಗಳು ಫೋನಿಗೆ ಬಾಯಿಟ್ಟು, ಮುಖ್ಯಸ್ಥೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಶೋನಾದಲ್ಲಿ ಹೇಳುತ್ತಿದ್ದಳು. ಆ ಭಾಷೆ ಅವಳ ಬಾಯಲ್ಲಿತ್ತೆಂದು ಅವಳ ತಾಯಿಗೂ ಗೊತ್ತಿರಲಿಲ್ಲ. ನನಗೆ ಅದರಲ್ಲಿ ತಿಳಿದದ್ದು ಒಂದೇ ಪದ: ಮೇಟ್ರನ್. ಅಜ್ಜಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಸೋಮವಾರದಿಂದ ಆ ಕೆಲಸವನ್ನು ಹಂಗಾಮಿಯಾಗಿ ನಾನು ನೋಡಿಕೊಳ್ಳುತ್ತಿದ್ದೇನೆ.