ಮೈಕಿನ ಪೈಪಿನಲ್ಲಿ ನಾನು ಎಳೆದ ವೈರು

ಮುನಿರಾಜು, ಆ ಸದ್ದು ನಿನ್ನ ಬೆಸುಗೆಯದ್ದಲ್ಲ. ನನ್ನ ವೈರಿನದು. ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ.

ನಿನಗೆ ಗೊತ್ತಿರುವುದರಿಂದಲೇ ಶುರುಮಾಡುತ್ತೇನೆ — ಗೊತ್ತಿಲ್ಲದ್ದನ್ನು ಬರೆಯುವಷ್ಟರಲ್ಲಿ ಧೈರ್ಯ ಬರಲಿ ಅಂತ. ತೊಂಬತ್ತೈದೋ ತೊಂಬತ್ತಾರೋ ಇರಬೇಕು. ರಾಜಗೋಪಾಲನಗರದ ಶಿವಲೀಲಾ ಮೇಡಂ ತಮ್ಮ ಮಹಡಿಯ ಕೋಣೆಯಲ್ಲೇ ವಚನ ಹಾಡಿ ಕ್ಯಾಸೆಟ್ ಮಾಡಲು ಸ್ಟುಡಿಯೋ ಕಟ್ಟಿಸುತ್ತಿದ್ದರು. ಮೈಕು, ಮಿಕ್ಸರಿನ ಕೆಲಸ ನಿನ್ನದು. ಪೀಣ್ಯದ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನನ್ನು ಲೈಟಿನ ಕೆಲಸಕ್ಕೆ ಕರೆದುಕೊಂಡು ಹೋದವನೂ ನೀನೇ.

ಮೇಡಂಗೆ ಟ್ರ್ಯಾಕ್ ಲೈಟೇ ಬೇಕಿತ್ತು. ಸೂರಿಗೆ ಉದ್ದಕ್ಕೊಂದು ಕಂಬಿ, ಅದರಲ್ಲಿ ಬೇಕಾದ ಕಡೆಗೆ ಜರುಗಿಸುವ ನಾಲ್ಕು ದೀಪ, ಗೋಡೆಯಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್. ನಾನು ಅಂಥದ್ದನ್ನು ಅದುವರೆಗೆ ಷೋರೂಮಿನ ಗಾಜಿನಾಚೆಯಿಂದ ನೋಡಿದ್ದೆನೇ ಹೊರತು ಕೈಯಲ್ಲಿ ಮುಟ್ಟಿರಲಿಲ್ಲ. ಗೊತ್ತಿಲ್ಲ ಅನ್ನಲು ಜಂಬ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಪೂಜೆ, ಪೂಜೆಯಾದ ಕೂಡಲೇ ಮೊದಲ ಹಾಡು ಅಂತ ನಿಶ್ಚಯವಾಗಿತ್ತು. ಗುರುವಾರ ನೋಡಿದರೆ ಸದ್ದು ತಡೆಯಲೆಂದು ಗೋಡೆಗೆಲ್ಲ ಗೋಣಿತಾಟು ಹೊಡೆದು, ಮೇಲೆ ಬಟ್ಟೆ ಎಳೆದು ಮುಗಿಸಿದ್ದರು. ಬೇರೆ ಪೈಪು ಹಾಕಬೇಕೆಂದರೆ ಅದನ್ನೆಲ್ಲ ಕೀಳಬೇಕು. ನಿನ್ನ ಮೈಕಿನ ವೈರು ಹೋಗಿದ್ದ ಪೈಪಿನಲ್ಲಿ ಜಾಗವಿತ್ತು. ನಮ್ಮ ಫ್ಯಾಕ್ಟರಿ ಶೆಡ್ಡಿನಲ್ಲಿ ಮೋಟಾರಿನದು, ಲೈಟಿನದು, ಬೆಲ್ಲಿನದು ಎಲ್ಲ ಒಂದೇ ಪೈಪಿನಲ್ಲಿ ಹೋಗುತ್ತಿದ್ದವು — ಏನಾಗುತ್ತೆ ಅಂದುಕೊಂಡು ಲೈಟಿನ ವೈರನ್ನು ಅದರಲ್ಲೇ ಎಳೆದುಬಿಟ್ಟೆ. ಬೇಡವೆಂದು ನೀನು ಮೊದಲೇ ಹೇಳಿದ್ದೆ. ಆದ್ದರಿಂದ ಮರೆತು ಮಾಡಿದ್ದು ಅನ್ನುವ ಹಾಗೂ ಇಲ್ಲ.

ಶುಕ್ರವಾರ ಮೇಡಂ ದೀಪ ಮಂದ ಮಾಡಿ, ಕಣ್ಣು ಮುಚ್ಚಿ ಹಾಡಿದರು. ಟೇಪಿನಲ್ಲಿ ಅವರ ದನಿಯ ಹಿಂದೆಯೇ ಜುಂಯ್ ಎಂಬ ಸದ್ದು. ನೀನು ಒಂದೊಂದೇ ಜಾಯಿಂಟ್ ಬಿಚ್ಚಿ ಮತ್ತೆ ಬೆಸೆದೆ. ಪರೀಕ್ಷೆ ಮಾಡುವಾಗ ಕೆಲಸ ಕಾಣಲೆಂದು ನೀನು ದೀಪ ಪೂರ್ತಿ ಉರಿಸುತ್ತಿದ್ದೆ, ಆಗ ಸದ್ದಿಲ್ಲ. ಮೇಡಂ ಬಂದು ಬೆಳಕು ತಗ್ಗಿಸಿದರೆ ಮತ್ತೆ ಸದ್ದು. ಡಿಮ್ಮರ್ ತಗ್ಗಿಸಿದಾಗ ನನ್ನ ವೈರೇ ಪಕ್ಕದ ಮೈಕಿನ ವೈರಿಗೆ ಸದ್ದು ಹತ್ತಿಸುತ್ತಿದೆ ಅಂತ ಎರಡನೇ ದಿನವೇ ನನಗೆ ಅರ್ಥವಾಯಿತು.

ಮೂರನೇ ದಿನ ನೀನು ಮೆಟ್ಟಿಲ ಮೇಲೆ ಕೂತು ಕೇಳಿದೆ, "ಗುರು, ಲೈಟ್ ವೈರು ಬೇರೆ ಪೈಪಲ್ಲೇ ಹಾಕಿದ್ದೀಯ ತಾನೆ?"

"ಬೇರೆ ಪೈಪೇ ಕಣೋ. ನಂಗೊತ್ತಿಲ್ವಾ ಅಷ್ಟು?"

ನೀನು ಹೋಗಿ ಪೈಪು ಬಿಚ್ಚಿ ನೋಡಲಿಲ್ಲ. ಸ್ನೇಹಿತ ಹೇಳಿದ ಮೇಲೆ ನಿನಗೆ ಅಷ್ಟೇ ಸಾಕಾಯಿತು. "ನನ್ ಕಿವೀನೇ ಕೆಟ್ಟೋಗಿದೆ ಅನ್ಸುತ್ತೆ, ಗುರು. ಒಂದ್ಸಲ ಕೇಳ್ಸುತ್ತೆ, ಒಂದ್ಸಲ ಇಲ್ಲ," ಅಂದೆ ನೀನು. ನಾನು — ನಾನು ನಿನಗೆ ಟೀ ಕೊಡಿಸಿದೆ.

ವಾರದೊಳಗೆ ಮೇಡಂ ನಿನಗೆ ಬರಬೇಡವೆಂದರು. ಇಲ್ಲಿಯವರೆಗೆ ನಿನಗೆ ಗೊತ್ತು. ಆಮೇಲೆ ನಾನು ದೀಪ ಒರೆಸುವ ನೆಪ ಹೇಳಿ ಹೋಗಿ, ಆ ವೈರು ಎಳೆದು ತೆಗೆದು, ಸೂರಿನಂಚಿಗೆ ಬೇರೆ ಪಟ್ಟಿ ಹೊಡೆದು ಅದರಲ್ಲಿ ಹಾಕಿದೆ. ಸದ್ದು ನಿಂತಿತು. ನೀನು ಹೋದ ಮೇಲೆ ನಿಂತಿತು ನೋಡು — ಇನ್ನು ಯಾರಿಗೆ ಅನುಮಾನ? ಮೇಡಂ ಊರಿಗೆಲ್ಲ ನನ್ನ ಕೈಗುಣ ಹೊಗಳಿದರು. ಹೆಗಲು ಕೂಡ ಮುಟ್ಟಿ ನೋಡಿಕೊಳ್ಳದ ಕುಂಬಳಕಾಯಿ ಕಳ್ಳ ನಾನು.

ನೀನು ಮೈಕಿನ ಕೆಲಸವನ್ನೇ ಬಿಟ್ಟು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗಿಗೆ ಸೇರಿದೆ ಅಂತ ಕೇಳಿದೆ. ಸಾವಿರ ಜನರ ನಡುವೆ ಯಾರ ಶ್ರುತಿ ತಪ್ಪಿದೆ ಎಂದು ಹೇಳುತ್ತಿದ್ದವನು, ಡಬ್ಬಕ್ಕೆ ಟೇಪು ಅಂಟಿಸಲು. ನಾಚಿಕೆಯಾಯಿತು. ಆದರೂ ಇಷ್ಟು ವರ್ಷ ನಿನ್ನ ಬಳಿ ಬರಲಿಲ್ಲ.

ಹೋದ ಭಾನುವಾರ ಶಿವಲೀಲಾ ಮೇಡಂಗೆ ಎಲ್ಲ ಹೇಳಿದೆ. ಅವರು ಕೇಳಿದರು, "ಮುನಿರಾಜುಗೆ ಹೇಳೀರೇನು?" ಇಲ್ಲ ಅಂದೆ. "ಮತ್ತ ನನಗ್ಯಾಕ ಹೇಳ್ಲಿಕ್ಕೆ ಬಂದ್ರಿ?" ಅಂದರು. ಅಲ್ಲೂ ಸುಲಭದ ದಾರಿಯನ್ನೇ ಹಿಡಿದಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೇಗೂರಿನ ನಿನ್ನ ಮನೆಗೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದೇನಿಲ್ಲ.